ಕೋವಿವಿದ್ಯೆಯ ಕಲಿಕೆ

ಮಹಾಭಾರತದ ಆದಿಪರ್ವದಲ್ಲಿ ಅರ್ಜುನನ ಶಿಷ್ಯವೃತ್ತಿಯನ್ನು ಕುರಿತು ಎರಡು ಕಥೆಗಳಿವೆ. ಮೊದಲನೆಯದನ್ನು ಬಲ್ಲದವರಿಲ್ಲ: ದ್ರೋಣಾಚಾರ್ಯರು ಮರದ ಕೊಂಬೆಯ ಮೇಲೆ ಕೃತಕ ಪಕ್ಷಿಯೊಂದನ್ನು ಇರಿಸಿ, ಏನು ಕಾಣುತ್ತದೆಯೆಂದು ಶಿಷ್ಯರನ್ನೆಲ್ಲ ಕೇಳಿದರು, ಅರ್ಜುನನೊಬ್ಬನಿಗೆ ಹಕ್ಕಿಯ ತಲೆಯ ಹೊರತು ಮತ್ತಾವುದೂ ಕಾಣಲಿಲ್ಲ. ಎರಡನೆಯ ಕಥೆ ಅಷ್ಟು ಪ್ರಚಾರದಲ್ಲಿಲ್ಲ. ಒಂದು ರಾತ್ರಿ ಅವನು ಊಟಕ್ಕೆ ಕುಳಿತಿದ್ದಾಗ ಗಾಳಿ ಬೀಸಿ ದೀಪವು ಆರಿತು. ಕತ್ತಲೆಯಲ್ಲಿಯೂ ಕೈ ತಟ್ಟೆಯಿಂದ ಬಾಯಿಗೆ ದಾರಿತಪ್ಪದೆ ಹೋಗುತ್ತಿದ್ದುದನ್ನು ಕಂಡು, ಇದು ಅಭ್ಯಾಸಬಲವೆಂದರಿತ ಆ ಬಾಲಕನು ಅಂದಿನಿಂದ ಇರುಳಿನಲ್ಲಿಯೂ ಬಿಲ್ಲನ್ನು ಹಿಡಿದನು. ಹೆದೆಯ ಟಂಕಾರವನ್ನು ಕೇಳಿ ಗುರುಗಳು ಎದ್ದು ಬಂದರೆಂದು ಕಥೆ ಹೇಳುತ್ತದೆ.

ಒಂದು ಕಥೆಯು ಕಣ್ಣಿನ ಶಿಕ್ಷಣವನ್ನು ಕುರಿತದ್ದು. ಮತ್ತೊಂದು ಕೈಯ ಶಿಕ್ಷಣವನ್ನು ಕುರಿತದ್ದು. ಬಿಲ್ಲು ಹೋಗಿ ಕೋವಿ ಬಂದ ಮೇಲೆ ಈ ಎರಡು ಶಿಕ್ಷಣಗಳೂ ಬೇರೆ ಬೇರೆಯಾದುವು. ಸುಮಾರು ಎರಡೂವರೆ ಶತಮಾನಗಳ ಕಾಲ ಯೂರೋಪಿನ ಸೇನಾಪತಿಗಳು ಸಿಪಾಯಿಯ ಕೈಯನ್ನು ಮಾತ್ರ ತಿದ್ದಿದರು. ಕಣ್ಣನ್ನು ಬಹುಮಟ್ಟಿಗೆ ಹಾಗೆಯೇ ಬಿಟ್ಟರು. ಹೀಗೇಕಾಯಿತು, ಮತ್ತೆ ಇವೆರಡೂ ಹೇಗೆ ಕೂಡಿದುವು, ಕೂಡುವ ಹೊತ್ತಿಗೆ ನಮ್ಮ ದೇಶದಲ್ಲಿ ಯಾವ ಅನಾಹುತವಾಯಿತು ಎಂಬುದನ್ನು ಈ ದಿನ ಸ್ವಲ್ಪ ವಿಚಾರಮಾಡೋಣ.

ಮೊದಲಿನ ಬತ್ತಿಕೋವಿ ಎಂಥ ವಸ್ತುವಾಗಿತ್ತೆಂಬುದನ್ನು ನೆನೆಯಬೇಕು. ಸಿಪಾಯಿಯ ಒಂದು ಕೈಯಲ್ಲಿ ಉರಿಯುವ ಬತ್ತಿ. ಸೊಂಟದ ಸುತ್ತ ಮದ್ದಿನ ಬುರುಡೆಗಳು. ಮದ್ದನ್ನು ಅಳೆದು ನಳಿಗೆಗೆ ಸುರಿದು, ಗುಂಡನ್ನು ಹಾಕಿ, ಸಲಾಕೆಯಿಂದ ಜಡಿದು, ಕಿವಿಯ ಬಳಿ ನುಣ್ಮದ್ದನ್ನಿಟ್ಟು, ಬತ್ತಿಯನ್ನು ಊದಿ ಕೆಂಡವನ್ನು ಎಬ್ಬಿಸಿ, ಕವೆಗೋಲಿನ ಮೇಲೆ ಕೋವಿಯನ್ನು ಊರಿ ಹಾರಿಸುವ ಹೊತ್ತಿಗೆ ಎದುರಾಳಿಯ ಕುದುರೆ ಎದೆಯ ಮೇಲೆ ಬಂದಿರುತ್ತಿತ್ತು. ಇಷ್ಟರಲ್ಲಿ ಕೈ ನಡುಗಿ ಕಿಡಿಯು ಮದ್ದಿಗೆ ಬಿದ್ದರೆ, ಶತ್ರುವಿನ ಕೆಲಸವನ್ನು ತಾನೇ ಮಾಡಿಕೊಂಡಂತೆ. ಕೋವಿಯನ್ನು ಹಿಡಿದವನಿಗೆ ಮೊದಲ ಭಯ ಶತ್ರುವಿನದಲ್ಲ, ಕೋವಿಯದೇ.

ಈ ಭಯಕ್ಕೆ ಔಷಧವನ್ನು ಕಂಡುಹಿಡಿದವರು ಡಚ್ಚರು. ಸ್ಪೇನಿನ ದೊರೆತನದ ವಿರುದ್ಧ ಹೋರಾಡುತ್ತಿದ್ದ ನಸ್ಸೌ ಮನೆತನದ ಮಾರಿಸ್ ರಾಜಕುಮಾರನಿಗೆ ಅವನ ದಾಯಾದಿಯಾದ ವಿಲ್ಲೆಮ್ ಲೋಡೆವೈಕನು 1594ನೆಯ ಡಿಸೆಂಬರ್ 8ರಂದು ಒಂದು ಕಾಗದವನ್ನು ಬರೆದನು. ಈಲಿಯನ್ ಎಂಬ ಪ್ರಾಚೀನ ಗ್ರಂಥಕಾರನ ಯುದ್ಧಶಾಸ್ತ್ರವನ್ನು ಓದುತ್ತಿದ್ದ ಆತನಿಗೆ, ಹಳಬರ ಸಾಲುಬದಲಾವಣೆಯ ಕ್ರಮವನ್ನು ಕೋವಿಯವರಿಗೂ ಏಕೆ ಹೇಳಿಕೊಡಬಾರದು ಎಂದು ಹೊಳೆಯಿತು. ಮೊದಲ ಸಾಲು ಒಟ್ಟಿಗೆ ಗುಂಡು ಹಾರಿಸಿ ಹಿಂದಕ್ಕೆ ಸರಿಯುವುದು. ಅದು ಮದ್ದು ತುಂಬುತ್ತಿರುವಾಗ ಎರಡನೆಯದು, ಆಮೇಲೆ ಮೂರನೆಯದು. ಹೀಗೆ ಹತ್ತು ಸಾಲುಗಳು ತಿರುಗಿದರೆ ಬೆಂಕಿಯ ಮಳೆ ನಿಲ್ಲುವುದೇ ಇಲ್ಲ. ಪುಸ್ತಕದ ಹುಳುಗಳಿಂದ ಲೋಕಕ್ಕೆ ಉಪಯೋಗವಿಲ್ಲವೆನ್ನುವವರಿಗೆ ನಾವು ಈ ಕಾಗದವನ್ನು ತೋರಿಸಬಹುದು. (ಜಪಾನಿನಲ್ಲಿ ನೊಬುನಾಗನು 1575ರಲ್ಲಿಯೇ ನಾಗಶಿನೋ ಕಾಳಗದಲ್ಲಿ ಇದನ್ನು ಮಾಡಿದನೆಂದು ಹೇಳುವುದುಂಟು; ಈಚಿನ ಚರಿತ್ರಕಾರರಲ್ಲಿ ಅನೇಕರು ಅದನ್ನು ಸಂಶಯಿಸುತ್ತಾರೆ.)

ಕಾಗದದ ಮೇಲೆ ಇದು ಸುಲಭ. ಬಯಲಿನಲ್ಲಿ ನಡೆಯಬೇಕಾದರೆ ನೂರು ಜನರ ಕೈಗಳು ಒಂದೇ ಕೈಯಂತೆ ಚಲಿಸಬೇಕು. ಅದಕ್ಕಾಗಿ ನಸ್ಸೌ ಮನೆತನದವರು ಕೋವಿ ತುಂಬುವ ಕೆಲಸವನ್ನು ಚೂರುಚೂರಾಗಿ ಬಿಡಿಸಿ, ಒಂದೊಂದು ಚೂರಿಗೂ ಒಂದೊಂದು ಆಜ್ಞೆಯನ್ನು ಗೊತ್ತುಮಾಡಿದರು. 1607ರಲ್ಲಿ ಯಾಕೋಬ್ ಡ ಘೈನ್ ಎಂಬ ಚಿತ್ರಗಾರನು ಇದನ್ನೆಲ್ಲ ಚಿತ್ರಪುಸ್ತಕವಾಗಿ ಹೊರತಂದನು. ಹಗುರ ಕೋವಿಗೆ 42 ಚಿತ್ರ, ಭಾರದ ಕೋವಿಗೆ 43, ಭರ್ಜಿಗೆ 32; ಒಟ್ಟು 117. ಓದುಬಾರದ ರೈತನ ಮಗನೂ ಚಿತ್ರವನ್ನು ನೋಡಿ ಕಾಲನ್ನು ಎಲ್ಲಿಡಬೇಕು, ಬತ್ತಿಯನ್ನು ಯಾವ ಬೆರಳ ಸಂದಿಯಲ್ಲಿ ಹಿಡಿಯಬೇಕು ಎಂಬುದನ್ನು ತಿಳಿಯಬಹುದಾಗಿತ್ತು. ಆ ಪುಸ್ತಕವು ಬೇಗನೆ ಹಲವು ಭಾಷೆಗಳಿಗೆ ಹೋಯಿತು. ನಾವು ಈ ಚಿತ್ರಗಳ ಅಚ್ಚುಗಳನ್ನು ನೋಡಿದಾಗ ನಮಗೆ ನೆನಪಾದುದು ನೃತ್ಯಶಾಸ್ತ್ರದ ಕರಣಗಳು: ಒಂದು ನಿಲುವಿನಿಂದ ಮತ್ತೊಂದು ನಿಲುವು ಹುಟ್ಟುತ್ತ, ನಡುವೆ ಯೋಚನೆಗೆ ಎಡೆಯಿಲ್ಲದಂತೆ ಹೋಗುತ್ತದೆ. ಯೋಚನೆಗೆ ಎಡೆಯಿಲ್ಲದಿದ್ದರೆ ಭಯಕ್ಕೂ ಎಡೆ ಕಡಮೆ. ಆ ಪದ್ಧತಿಯ ತಿರುಳು ಇದೇ.

ಈ ತಿರುಳನ್ನು ಅದರ ತುದಿಯವರೆಗೆ ಎಳೆದವರು ಪ್ರಷ್ಯದವರು. ಮರದ ಸಲಾಕೆಯ ಬದಲು ಕಬ್ಬಿಣದ ಸಲಾಕೆ, ಬೆಳಗಿನಿಂದ ಸಂಜೆಯವರೆಗೆ ಕವಾಯಿತು, ತಪ್ಪಿದವನಿಗೆ ಬೆತ್ತ. 1741ನೆಯ ಏಪ್ರಿಲ್ 10ರಂದು ಮೋಲ್ವಿಟ್ಸ್ ಎಂಬಲ್ಲಿ ಯುದ್ಧವು ಕೈತಪ್ಪಿತೆಂದು ಬಗೆದು, ಇಪ್ಪತ್ತೊಂಬತ್ತು ವರ್ಷದ ಫ್ರೆಡರಿಕ್ ದೊರೆಯು ತನ್ನ ಸೇನಾಪತಿಯ ಸಲಹೆಯಂತೆ ರಣರಂಗವನ್ನು ಬಿಟ್ಟುಹೋದನು. ಅವನ ತಂದೆಯ ಕಾಲದಲ್ಲಿ ಪಳಗಿದ ಕಾಲಾಳುಗಳು ಮಾತ್ರ ಹೋಗಲಿಲ್ಲ. ತುಂಬಿದರು, ಹಾರಿಸಿದರು, ಮತ್ತೆ ತುಂಬಿದರು, ಸಂಜೆಗೆ ಗೆದ್ದಿದ್ದರು. ದೊರೆಗೆ ‘ಮಹಾಶಯ’ನೆಂಬ ಬಿರುದು ಆಮೇಲೆ ಬಂದಿತು.

ಆದರೆ ಇವರ ಗುಂಡುಗಳು ಎಲ್ಲಿಗೆ ಹೋಗುತ್ತಿದ್ದುವು? ನುಣುಪು ನಳಿಗೆಯಲ್ಲಿ ಗುಂಡು ಸಡಿಲವಾಗಿ ಕುಳಿತು, ಹೊರಡುವಾಗ ಆ ಕಡೆ ಈ ಕಡೆ ತಾಕಿ, ಯಾವ ದಿಕ್ಕಿಗಾದರೂ ಹೊರಳಬಹುದು. ಪ್ರಷ್ಯದವರೇ ನಡೆಸಿದ ಒಂದು ಪರೀಕ್ಷೆಯಲ್ಲಿ ನೂರು ಅಡಿ ಉದ್ದ, ಆರು ಅಡಿ ಎತ್ತರದ ಗುರಿಯನ್ನು ಕಟ್ಟಿ ಹಾರಿಸಿದಾಗ 75 ಗಜದಲ್ಲಿ ನೂರಕ್ಕೆ 60, 150 ಗಜದಲ್ಲಿ 40, 225 ಗಜದಲ್ಲಿ 25 ಗುಂಡುಗಳು ತಗುಲಿದುವಂತೆ. ಅದೂ ಎದುರಿನಿಂದ ಯಾರೂ ಹಾರಿಸದಿರುವಾಗ, ಹೊಗೆಯೂ ಗಾಬರಿಯೂ ಇಲ್ಲದಿರುವಾಗ. ಇಂಗ್ಲಿಷ್ ಸೇನೆಯ ಬಂದೂಕಿಗೆ ಹಿಂಗುರಿಯೇ ಇರಲಿಲ್ಲ. ಆಜ್ಞೆಯಲ್ಲಿಯೂ ‘ಗುರಿಯಿಡು’ ಎಂಬ ಮಾತಿರಲಿಲ್ಲ, ‘ಮುಂದೊಡ್ಡು’ ಎಂಬುದಷ್ಟೇ. ಶಾಂತಿಕಾಲದಲ್ಲಿ ಸಿಪಾಯಿಗೆ ಅಭ್ಯಾಸಕ್ಕೆಂದು ಸಿಕ್ಕುತ್ತಿದ್ದ ನಿಜವಾದ ಸೀಸದ ಗುಂಡುಗಳನ್ನು ಬೆರಳುಮಡಿಸಿ ಎಣಿಸಬಹುದಾಗಿತ್ತು. ಸೀಸಕ್ಕೆ ಹಣ ಬೇಕು, ಬೆತ್ತಕ್ಕೆ ಬೇಡ.

ನಮ್ಮ ನಾಡಿನಲ್ಲಿಯೂ ಈ ಗಾಳಿ ಬೀಸಿತು. ಹೈದರನು ಫ್ರೆಂಚರಿಂದ ಕವಾಯಿತನ್ನು ಕಲಿಸಿದನು. ಟಿಪ್ಪುವು ಅದಕ್ಕೆ ಗ್ರಂಥರೂಪವನ್ನು ಕೊಡಿಸಿದನು. ಜೈನುಲ್ ಆಬಿದೀನ್ ಶುಸ್ತರಿ ಎಂಬ ವಿದ್ವಾಂಸನು ಪಾರಸಿಯಲ್ಲಿ ರಚಿಸಿದ ಫತ್‌ಹುಲ್ ಮುಜಾಹಿದೀನ್ ಎಂಬ ಪುಸ್ತಕದಲ್ಲಿ ದಂಡಿನ ವಿಭಾಗ, ಕೋವಿಯ ಅಭ್ಯಾಸ, ಅಧಿಕಾರಿಗಳ ಕರ್ತವ್ಯ ಎಲ್ಲವೂ ಇವೆ. ಪರದೇಶದ ಆಜ್ಞಾಶಬ್ದಗಳನ್ನು ತೆಗೆದು ಪಾರಸಿಯ ಶಬ್ದಗಳನ್ನಿಟ್ಟರು. ಶ್ರೀರಂಗಪಟ್ಟಣದ ಬಯಲಿನಲ್ಲಿ ಕನ್ನಡ, ತೆಲುಗು, ದಖ್ಖನಿ ಮಾತಾಡುವ ಸಿಪಾಯಿಗಳು ಪಾರಸಿಯ ಕೂಗಿಗೆ ಡಚ್ಚರ ಕರಣಗಳನ್ನು ಮಾಡುತ್ತಿದ್ದರೆಂದರೆ ಪ್ರಪಂಚವು ಎಷ್ಟು ಚಿಕ್ಕದೆಂದು ತೋರುತ್ತದೆ. ಆ ಗ್ರಂಥಕರ್ತನ ಸಹೋದರನಾದ ಮೀರ್ ಆಲಂ ಎಂಬವನೇ 1799ರಲ್ಲಿ ನಿಜಾಮನ ದಂಡಿಗೆ ನಾಯಕನಾಗಿ, ಇಂಗ್ಲಿಷರೊಡನೆ, ಅದೇ ಪಟ್ಟಣದ ಮುತ್ತಿಗೆಗೆ ಬಂದನು.

ಇನ್ನು ಕಣ್ಣಿನ ಮಾತು. ನಳಿಗೆಯ ಒಳಗೆ ಸುರುಳಿಯಾಗಿ ಗೀರು ತೆಗೆದರೆ ಗುಂಡು ಬುಗುರಿಯಂತೆ ತಿರುಗುತ್ತ ನೇರವಾಗಿ ಹೋಗುವುದೆಂಬುದನ್ನು ಜರ್ಮನಿಯ ಬೇಟೆಗಾರರು ಬಹು ಹಿಂದೆಯೇ ಬಲ್ಲರು. ಗುಂಡು ಬಿಗಿಯಾಗಿರಬೇಕಾದುದರಿಂದ ತುಂಬುವುದು ನಿಧಾನ. ಆದಕಾರಣ ಸೇನಾಪತಿಗಳು ಅದನ್ನು ಒಪ್ಪಲಿಲ್ಲ. 1800ರಲ್ಲಿ ಇಂಗ್ಲೆಂಡಿನಲ್ಲಿ ಪ್ರಯೋಗಾರ್ಥವಾಗಿ ಒಂದು ರೈಫಲ್ ಪಡೆಯನ್ನು ಕಟ್ಟಿದರು. ಮೂರು ವರ್ಷಗಳ ಮೇಲೆ ಶಾರ್ನ್‌ಕ್ಲಿಫ್ ಎಂಬ ಶಿಬಿರದಲ್ಲಿ ಸರ್ ಜಾನ್ ಮೂರನ ಕೈಕೆಳಗೆ ಇವರೂ ಇತರ ಲಘುಪದಾತಿಗಳೂ ಬೇರೊಂದು ಬಗೆಯ ಶಿಕ್ಷಣವನ್ನು ಪಡೆದರು. ಅಲ್ಲಿ ಬೆತ್ತ ಕಡಮೆ, ವಿವರಣೆ ಹೆಚ್ಚು. ಒಬ್ಬೊಬ್ಬನೂ ತಾನೇ ಮರೆಯನ್ನು ಹುಡುಕಿ, ತಾನೇ ದೂರವನ್ನು ಅಂದಾಜುಮಾಡಿ, ತಾನೇ ಗುರಿಯನ್ನು ಆರಿಸಬೇಕಾಗಿತ್ತು. ಒಳ್ಳೆಯ ಗುರಿಕಾರರ ಟೋಪಿಗೆ ಹಸುರು ಕುಚ್ಚನ್ನು ಸಿಕ್ಕಿಸುತ್ತಿದ್ದರು. ಸಿಪಾಯಿಗೂ ಬುದ್ಧಿಯುಂಟೆಂದು ಆ ಸೇನೆಯಲ್ಲಿ ಬಹಿರಂಗವಾಗಿ ಒಪ್ಪಿಕೊಂಡ ಮೊದಲ ಸ್ಥಳಗಳಲ್ಲಿ ಇದೂ ಒಂದೆಂದು ನಮ್ಮ ಅಭಿಪ್ರಾಯ. ಆದರೆ ಅದು ಕೆಲವೇ ಪಟಾಲಮುಗಳ ಭಾಗ್ಯವಾಗಿತ್ತು.

ಎಲ್ಲ ಸಿಪಾಯಿಗಳ ಕೈಗೂ ಗೀರುನಳಿಗೆ ಬಂದುದು 1850ರ ಆಚೆಗೆ. ಫ್ರೆಂಚ್ ಸೇನೆಯ ಮಿನಿಯೆ ಎಂಬ ಅಧಿಕಾರಿಯು ಬುಡದಲ್ಲಿ ಪೊಳ್ಳಾದ, ಮೂತಿ ಚೂಪಾದ ಗುಂಡನ್ನು ರೂಪಿಸಿದನು. ತುಂಬುವಾಗ ಅದು ಸಡಿಲವಾಗಿ ಜಾರುವುದು. ಮದ್ದು ಸಿಡಿದಾಗ ಬುಡ ಹಿಗ್ಗಿ ಗೀರಿಗೆ ಕಚ್ಚಿಕೊಳ್ಳುವುದು. ಈ ಸಣ್ಣ ಯುಕ್ತಿಯಿಂದ ಕೋವಿಯ ಹರಹು 100 ಗಜದಿಂದ ಹಲವು ನೂರು ಗಜಗಳಿಗೆ ನೆಗೆಯಿತು. 1853ರ ಎನ್‌ಫೀಲ್ಡ್ ಕೋವಿಯ ಹಿಂಗುರಿಯಲ್ಲಿ 900 ಗಜದವರೆಗೂ ಗುರುತುಗಳಿದ್ದುವು. ಆಗ ಒಂದು ಹೊಸ ತೊಡಕು ಬಂದಿತು. ದೂರ ಹೋಗುವ ಗುಂಡು ನೆಟ್ಟಗೆ ಹೋಗುವುದಿಲ್ಲ, ಕಮಾನಿನಂತೆ ಏರಿ ಇಳಿಯುತ್ತದೆ. 600 ಗಜದಲ್ಲಿರುವವನನ್ನು 500ರಲ್ಲಿರುವನೆಂದು ತಿಳಿದರೆ ಗುಂಡು ಅವನ ಕಾಲಿನ ಮುಂದೆ ನೆಲಕ್ಕೆ ಬೀಳುವುದು. 700 ಎಂದು ತಿಳಿದರೆ ತಲೆಯ ಮೇಲೆ ಹಾರಿಹೋಗುವುದು. ಹೀಗಾಗಿ ಕೋವಿಯು ಮೊಟ್ಟಮೊದಲು ಸಿಪಾಯಿಯನ್ನು ‘ನಿನಗೆ ಕಾಣುವುದೇನು?’ ಎಂದು ಕೇಳಿತು.

ಈ ಪ್ರಶ್ನೆಗೆ ಉತ್ತರವನ್ನು ಹೇಳಿಕೊಡಲು ಕೆಂಟ್ ಪ್ರಾಂತದ ಕಡಲತಡಿಯ ಹೈಥ್ ಎಂಬ ಊರಿನಲ್ಲಿ 1853ರಲ್ಲಿ ಒಂದು ಪಾಠಶಾಲೆಯನ್ನು ತೆರೆದರು. ಕರ್ನಲ್ ಹೇ ಎಂಬಾತನು ಅದರ ಮೊದಲ ಮುಖ್ಯಾಧಿಕಾರಿ. ಅಲ್ಲಿಯ ಪಾಠಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಪಾಠಹೇಳುವ ವೃತ್ತಿಯವರಾದ ನಮಗೆ ಅದು ಈ ಚರಿತ್ರೆಯಲ್ಲೆಲ್ಲ ಅತ್ಯಂತ ಸ್ವಾರಸ್ಯವಾದ ಭಾಗವಾಗಿ ತೋರಿದೆ.

ಹೈಥಿಗೆ ಬಂದವನಿಗೆ ಮೊದಲು ಗುಂಡನ್ನೇ ಕೊಡುತ್ತಿರಲಿಲ್ಲ. ಕೋವಿಯ ಅಂಗಗಳನ್ನು ಬಿಚ್ಚಿ, ಒರೆಸಿ, ಒಂದೊಂದರ ಹೆಸರನ್ನೂ ಕೆಲಸವನ್ನೂ ಹೇಳಿಕೊಡುತ್ತಿದ್ದರು. ಗುಂಡು ಏಕೆ ಕೆಳಕ್ಕೆ ಬೀಳುತ್ತದೆ, ಗಾಳಿ ಏನು ಮಾಡುತ್ತದೆ ಎಂಬುದನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತಿದ್ದರು. ಬಳಿಕ ಮುಕ್ಕಾಲಿಯೊಂದರ ಮೇಲೆ ಮರಳುಚೀಲವನ್ನಿಟ್ಟು, ಅದರ ಮೇಲೆ ಕೋವಿಯನ್ನು ಒರಗಿಸಿ, ಶಿಷ್ಯನು ಗುರಿಯಿಟ್ಟು ಪಕ್ಕಕ್ಕೆ ಸರಿಯುವನು. ಉಪಾಧ್ಯಾಯನು ಬಗ್ಗಿ ಅದೇ ಕಣ್ಣಿನಿಂದ ನೋಡಿ, ಎಷ್ಟು ಎಡಕ್ಕೆ, ಎಷ್ಟು ಮೇಲಕ್ಕೆ ಹೋಗಿದೆಯೆಂದು ಹೇಳುವನು. ಶಿಷ್ಯನ ದೃಷ್ಟಿಯನ್ನೇ ಎರವಲು ಪಡೆದು ತಿದ್ದುವ ಇಂಥ ಸೌಲಭ್ಯವು ನಮ್ಮ ತರಗತಿಗಳಲ್ಲಿ ನಮಗೆ ದೊರೆತಿದ್ದರೆ ಎಷ್ಟು ಪರೀಕ್ಷೆಗಳ ಶ್ರಮ ತಪ್ಪುತ್ತಿತ್ತೋ!

ಆಮೇಲೆ ನಿಲುವಿನ ಅಭ್ಯಾಸ: ನಿಂತು, ಮಂಡಿಯೂರಿ, ಬರಿಯ ಕೋವಿಯನ್ನು ಹೆಗಲಿಗೇರಿಸಿ ಇಳಿಸುವುದು, ತೋಳು ನೋಯುವವರೆಗೆ, ನೋವು ಹೋಗುವವರೆಗೆ. ಆಮೇಲೆ ಬರಿಯ ಕೇಪು. ಇದರಲ್ಲೊಂದು ಚಮತ್ಕಾರವಿತ್ತು. ನಳಿಗೆಯ ಮುಂದೆ ಉರಿಯುವ ಮೇಣದ ಬತ್ತಿಯೊಂದನ್ನಿಟ್ಟು, ಮದ್ದೂ ಗುಂಡೂ ಇಲ್ಲದ ಕೋವಿಯಲ್ಲಿ ಕೇಪನ್ನು ಮಾತ್ರ ಸಿಡಿಸುವುದು. ಗುರಿ ನೆಟ್ಟಗಿದ್ದರೆ ನಳಿಗೆಯಿಂದ ಹೊರಟ ಗಾಳಿಯ ಎಳೆಯಿಂದ ದೀಪವು ಆರುವುದು. ಕುದುರೆಯನ್ನೆಳೆಯುವಾಗ ಕೈ ಜಗ್ಗಿದರೆ ದೀಪ ಹಾಗೆಯೇ ಉರಿಯುತ್ತ ನಗುವುದು. ಅರ್ಜುನನ ದೀಪವನ್ನು ಗಾಳಿ ಆರಿಸಿತು; ಇಲ್ಲಿ ದೀಪವನ್ನು ಆರಿಸಿದವನೇ ತೇರ್ಗಡೆ. ಹೊಸಬನು ಗುಂಡು ಹಾರುವುದಕ್ಕೆ ಒಂದು ಕ್ಷಣ ಮುಂಚೆಯೇ ಸದ್ದಿಗೂ ಹೊಡೆತಕ್ಕೂ ಅಂಜಿ ಕಣ್ಣುಮುಚ್ಚಿ ಹೆಗಲನ್ನು ಹಿಂದೆಗೆಯುತ್ತಾನೆ. ಇದು ಹೇಡಿತನವಲ್ಲ, ಶರೀರಧರ್ಮ. ಬೈಗುಳದಿಂದ ಇದು ಹೋಗುವುದಿಲ್ಲ, ಹೆಚ್ಚುತ್ತದೆ. ಸದ್ದಿಲ್ಲದ ಅಭ್ಯಾಸ, ಸಣ್ಣ ಸದ್ದಿನ ಅಭ್ಯಾಸ, ಬರಿಯ ಮದ್ದಿನ ಅಭ್ಯಾಸ, ಕೊನೆಗೆ ಗುಂಡು ಎಂದು ಮೆಟ್ಟಿಲುಮೆಟ್ಟಿಲಾಗಿ ಹತ್ತಿಸಿದರೆ, ಶರೀರಕ್ಕೆ ತಿಳಿಯದಂತೆ ಶರೀರವು ಧೈರ್ಯವನ್ನು ಕಲಿಯುತ್ತದೆ. ಇಂದಿಗೂ ಗುರಿವಿದ್ಯೆಯ ಉಪಾಧ್ಯಾಯರು ಇದಕ್ಕಿಂತ ಬೇರೆಯದನ್ನೇನೂ ಹೇಳುವುದಿಲ್ಲ.

ದೂರವನ್ನು ಅಳೆಯುವ ಪಾಠವು ಬಯಲಿನಲ್ಲಿ ನಡೆಯುತ್ತಿತ್ತು. 50 ಗಜ, 100 ಗಜ, 150 ಗಜಗಳಲ್ಲಿ ಮನುಷ್ಯರನ್ನು ನಿಲ್ಲಿಸಿ, ಮುಖ ಎಲ್ಲಿಯವರೆಗೆ ಕಾಣುತ್ತದೆ, ಗುಂಡಿಗಳು ಎಲ್ಲಿ ಮಾಯವಾಗುತ್ತವೆ, ಟೋಪಿ ಎಲ್ಲಿ ಬರಿಯ ಚುಕ್ಕೆಯಾಗುತ್ತದೆ ಎಂಬುದನ್ನು ಒಬ್ಬೊಬ್ಬನೂ ತನ್ನ ಕಣ್ಣಿನಿಂದ ನೋಡಿ ಹೇಳಬೇಕು. ಒಬ್ಬನ ಕಣ್ಣು ಮತ್ತೊಬ್ಬನದರಂತಲ್ಲವೆಂಬುದನ್ನು ಸರ್ಕಾರದ ನಿಬಂಧನೆಯು ಒಪ್ಪಿಕೊಂಡಿತ್ತು. ಮೂರನೆಯ ತರಗತಿಯಿಂದ ಮೊದಲನೆಯದಕ್ಕೆ ಏರಿದವರಲ್ಲಿ ಉತ್ತಮರ ತೋಳಿಗೆ ಅಡ್ಡಕೋವಿಗಳ ಗುರುತು.

ಇಲ್ಲಿ ನಮ್ಮ ದೇಶದ ಕಥೆ ಬರುತ್ತದೆ. ಹೈಥಿನ ಪದ್ಧತಿಯನ್ನು ಈಸ್ಟ್ ಇಂಡಿಯಾ ಕಂಪೆನಿಯ ಬಂಗಾಳ ಸೇನೆಗೂ ಕಲಿಸಬೇಕೆಂದು ಡಂಡಂ, ಅಂಬಾಲ, ಸಿಯಾಲ್‌ಕೋಟೆ ಎಂಬ ಮೂರು ಕಡೆ ಶಿಕ್ಷಣಕೇಂದ್ರಗಳನ್ನು ಇಟ್ಟರು. ಬೇರೆ ಬೇರೆ ಪಟಾಲಮುಗಳಿಂದ ಆರಿಸಿದ ಸಿಪಾಯಿಗಳು ಎನ್‌ಫೀಲ್ಡ್ ಕೋವಿಯನ್ನು ಕಲಿಯಲು ಅಲ್ಲಿಗೆ ಬಂದರು. ಹೊಸ ಕೋವಿಯ ತೋಟಾ ಕಾಗದದ್ದು. ಗುಂಡಿನ ಕಡೆಯ ಕಾಗದಕ್ಕೆ ಕೊಬ್ಬನ್ನು ಸವರಿರಬೇಕು. ಮದ್ದಿನ ಕಡೆಯ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕು. ಆ ಕೊಬ್ಬು ಯಾವ ಪ್ರಾಣಿಯದೆಂದು ನೋಡಿಕೊಳ್ಳಲು ಯಾರೂ ತಲೆಕೆಡಿಸಿಕೊಂಡಿರಲಿಲ್ಲ. 1857ರ ಜನವರಿಯಲ್ಲಿ ಡಂಡಮ್ಮಿನಲ್ಲಿ ಎದ್ದ ಸುದ್ದಿಯನ್ನು ನಾವು ಶಾಲೆಯಲ್ಲಿಯೇ ಓದಿದ್ದೇವೆ. ಅದು ಪಾಠಶಾಲೆಯೊಂದರಲ್ಲಿ ಎದ್ದ ಸುದ್ದಿ ಎಂಬುದನ್ನು ಮಾತ್ರ ಮರೆತುಬಿಡುತ್ತೇವೆ.

ಸರ್ಕಾರವು ಆಮೇಲೆ ಮೇಣ, ಎಣ್ಣೆ, ಯಾವುದನ್ನಾದರೂ ಸಿಪಾಯಿಗಳೇ ಸವರಿಕೊಳ್ಳಬಹುದೆಂದಿತು. ಕಚ್ಚುವ ಬದಲು ಕೈಯಿಂದ ಹರಿಯಬಹುದೆಂದು ಕವಾಯಿತನ್ನೇ ಬದಲಿಸಿತು. ಯಾವ ಪ್ರಯೋಜನವೂ ಆಗಲಿಲ್ಲ. ಅಂಬಾಲದ ಕೇಂದ್ರದಲ್ಲಿ ಉಪಾಧ್ಯಾಯನಾಗಿದ್ದ ಮಾರ್ಟಿನೊ ಎಂಬ ಅಧಿಕಾರಿಯ ಸ್ಥಿತಿಯು ಕರುಣಾಜನಕವಾಗಿದೆ. ಮಾರ್ಚ್ ತಿಂಗಳಿನಲ್ಲಿ ದಂಡನಾಯಕನ ಮೆಯ್ಗಾವಲಾಗಿ ಬಂದ 36ನೆಯ ಪಟಾಲಮಿನಲ್ಲಿ, ಅದೇ ಪಟಾಲಮಿನಿಂದ ಕಲಿಯಲು ಬಂದಿದ್ದ ಇಬ್ಬರು ಕಿರಿಯ ಅಧಿಕಾರಿಗಳು ತಮ್ಮವರನ್ನು ಕಾಣಲು ಹೋದರು. ಅವರ ಸ್ವಂತ ಪಟಾಲಮಿನವರೇ ಅವರನ್ನು ಕಿರಸ್ತಾನರಾದವರೆಂದು ಹೀಯಾಳಿಸಿ ದೂರವಿಟ್ಟರು. ಕಲಿಕೆಯನ್ನು ಮುಗಿಸಿ ಊರಿಗೆ ಹೋದರೆ ತಮ್ಮೊಡನೆ ಯಾರು ಉಣ್ಣುವರು, ಯಾರು ಹೆಣ್ಣು ಕೊಡುವರು ಎಂಬುದು ಶಿಷ್ಯರ ಅಳಲು. ಮಾರ್ಟಿನೊ ಇದನ್ನು ಮೇಲಿನವರಿಗೆ ತಿಳಿಸಿದನು. ಆದರೂ ಏಪ್ರಿಲ್ ತಿಂಗಳಿನಲ್ಲಿ ಅಭ್ಯಾಸವನ್ನು ನಡೆಸಬೇಕೆಂದು ಆಜ್ಞೆಯಾಯಿತು. ಶಿಷ್ಯರು ಆಜ್ಞೆಯನ್ನು ಮೀರಲಿಲ್ಲ. ಹಗಲಿನಲ್ಲಿ ಅವರು ಗುರಿಯ ಅಭ್ಯಾಸವನ್ನು ಮಾಡುತ್ತಿದ್ದರು. ರಾತ್ರಿ ದಂಡಿನ ಪ್ರದೇಶದಲ್ಲಿ ಮನೆಗಳಿಗೆ ಬೆಂಕಿ ಬೀಳುತ್ತಿತ್ತು.

ಏಪ್ರಿಲ್ 24ರಂದು ಮೀರತ್ತಿನಲ್ಲಿ 3ನೆಯ ಲಘು ಅಶ್ವದಳದ 90 ಜನರನ್ನು ನಿಲ್ಲಿಸಿ, ಕೈಯಿಂದ ಹರಿಯುವ ಹೊಸ ಕ್ರಮವನ್ನು ತೋರಿಸಬೇಕೆಂದು ಅವರ ಕರ್ನಲನು ಹೊರಟನು. ಕೊಟ್ಟ ತೋಟಾಗಳು ಅವರು ಮೊದಲಿನಿಂದ ಬಳಸುತ್ತಿದ್ದ ಹಳೆಯವೇ. ಐವರ ಹೊರತು ಉಳಿದ 85 ಜನರು ಅವನ್ನು ಮುಟ್ಟಲಿಲ್ಲ. ಮೇ 9ರಂದು ದಂಡೆಲ್ಲ ನೋಡುತ್ತಿರಲು ಅವರ ಕಾಲಿಗೆ ಬೇಡಿ ಜಡಿದರು; ಮರುದಿನ ಸಂಜೆ ಮೀರತ್ತು ಎದ್ದಿತು. ತಪ್ಪಿಲ್ಲದ ತೋಟಾ, ತಪ್ಪನ್ನು ತಿದ್ದಿದ ಕವಾಯಿತು, ಆದರೂ ಹೀಗಾಯಿತು. ದಂಗೆಗೆ ಕಾರಣಗಳು ಅನೇಕ. ಭೂಮಿ, ಸಂಬಳ, ಅಯೋಧ್ಯೆಯ ರಾಜ್ಯಾಪಹಾರ ಎಲ್ಲವೂ ಉಂಟು. ತೋಟಾ ಒಂದು ನೆಪವೆಂದು ಕೆಲವರು ಬರೆಯುವುದನ್ನು ಮಾತ್ರ ನಾವು ಒಪ್ಪಲಾರೆವು. ಗುರುವು ಬಾಯಿಗಿಡೆಂದು ಕೊಟ್ಟುದನ್ನು ನಂಬಿ ಬಾಯಿಗಿಡಬಹುದೇ ಎಂಬುದು ಶಿಷ್ಯನ ಪಾಲಿಗೆ ನೆಪವಲ್ಲ, ಮೊದಲನೆಯ ಪಾಠ. ಹೈಥಿನವರು ಭಯವನ್ನು ಮೆಟ್ಟಿಲುಮೆಟ್ಟಿಲಾಗಿ ಇಳಿಸುವ ವಿದ್ಯೆಯನ್ನು ಬಲ್ಲರು. ಆದರೆ ಆ ವಿದ್ಯೆಯಲ್ಲಿ ಮದ್ದಿನ ಭಯಕ್ಕೆ ಪಾಠವಿತ್ತು, ಕಲಿಸುವವನ ಭಯಕ್ಕೆ ಪಾಠವಿರಲಿಲ್ಲ.

ಇದರ ಫಲವು ಬಹುಕಾಲ ಉಳಿಯಿತು. ದಂಗೆಯ ತರುವಾಯ ಭಾರತೀಯ ಪಟಾಲಮುಗಳಿಗೆ ಎನ್‌ಫೀಲ್ಡಿನಂತೆಯೇ ಕಾಣುವ, ಆದರೆ ಗೀರುಗಳಿಲ್ಲದ ನುಣುಪು ನಳಿಗೆಯ ಕೋವಿಗಳನ್ನು ಕೊಟ್ಟರು. ಬಿಳಿಯ ಸಿಪಾಯಿಗೆ ಹೊಸ ಕೋವಿ ಬಂದಾಗ ಅವನ ಹಳೆಯದು ಕರಿಯ ಸಿಪಾಯಿಗೆ ಇಳಿಯುವ ಪದ್ಧತಿಯು ಆ ಶತಮಾನದ ಕೊನೆಯವರೆಗೆ ನಡೆಯಿತು. ಗುರಿಯನ್ನು ಚೆನ್ನಾಗಿಡೆಂದು ಕಲಿಸಿ, ಗುರಿ ಮುಟ್ಟದ ನಳಿಗೆಯನ್ನು ಕೊಡುವ ಶಿಕ್ಷಣವು ವಿಚಿತ್ರವಾದುದು. ಪ್ರಜೆಗಳ ಕೈಯಿಂದಲೂ ಆಯುಧಗಳನ್ನು ತೆಗೆದರು. 1878ರ ಕಾಯಿದೆಯು ಅದನ್ನು ಪೂರ್ತಿಮಾಡಿತು. ಇದಕ್ಕೆ ಹೊರತಾಗಿ ಉಳಿದುದು ನಮ್ಮ ನೆರೆಯ ಕೊಡಗು. ಸರ್ ಮಾರ್ಕ್ ಕಬ್ಬನ್ನನು 1861ರಲ್ಲಿ ಹೊರಡಿಸಿದ ಪ್ರಕಟಣೆಯು ಕೊಡವರಿಗೆ ಆಯುಧದ ವಿನಾಯಿತಿಯನ್ನಿತ್ತಿತು. ಅದರ ಮುಂದುವರಿಕೆ ಈಗಲೂ ಇದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಮನೆಯ ಕೋವಿಯನ್ನು ತೊಳೆದು, ಹೂವಿಟ್ಟು ಪೂಜಿಸಿ, ಆಮೇಲೆ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವುದನ್ನು ಕಂಡವರು ಬಲ್ಲರು: ಅಲ್ಲಿ ಕೋವಿಯು ಬಾಲ್ಯದಿಂದಲೂ ಮನೆಯ ಹಿರಿಯರ ಕಣ್ಣಮುಂದೆ, ಮರ್ಯಾದೆಯೊಡನೆ, ಮನೆಯ ಪಾತ್ರೆಯಂತೆ ಪರಿಚಯವಾಗುತ್ತದೆ. ಯಾವ ನಿಬಂಧನೆಯ ಪುಸ್ತಕವೂ ಕೊಡಲಾರದ ಸಲಿಗೆ ಅದು.

ಇತ್ತ ಇಂಗ್ಲೆಂಡಿನಲ್ಲಿ ಗುರಿಯ ಅಭ್ಯಾಸವು ವಿನೋದವೂ ಆಯಿತು. 1860ನೆಯ ಜುಲೈ 2ರಂದು ವಿಂಬಲ್ಡನ್ ಬಯಲಿನಲ್ಲಿ ವಿಕ್ಟೋರಿಯಾ ರಾಣಿಯವರು ಮೊದಲ ಗುಂಡನ್ನು ಹಾರಿಸಿದರು. ಕೋವಿಯನ್ನು ಯಂತ್ರವೊಂದಕ್ಕೆ ಬಿಗಿದು ಮೊದಲೇ ಗುರಿಕಟ್ಟಿದ್ದರು. ರಾಣಿಯವರು ರೇಷ್ಮೆಯ ದಾರವನ್ನು ಮೆಲ್ಲನೆ ಎಳೆದರು. 400 ಗಜದಾಚೆ ಗುಂಡು ನಡುಬಿಂದುವಿನ ಪಕ್ಕದಲ್ಲಿಯೇ ತಗುಲಿತು. ರಾಜಕೃಪೆಯಿಂದ ಶಿಕ್ಷಣದ ಎಲ್ಲ ಮೆಟ್ಟಿಲುಗಳನ್ನೂ ದಾಟುವುದು ಹೀಗೆ.

ಅಮೆರಿಕದವರಿಗೆ ವಿನೋದಕ್ಕಿಂತ ಮೊದಲು ದುಃಖವು ಕಲಿಸಿತು. 1863ರ ಗೆಟಿಸ್‌ಬರ್ಗ್ ಕಾಳಗದ ಬಯಲಿನಿಂದ ಸುಮಾರು 27,500 ಕೋವಿಗಳನ್ನು ಆರಿಸಿ ತಂದಾಗ, ಅಂದಿನ ಲೆಕ್ಕದಂತೆ 24,000 ಕೋವಿಗಳು ತುಂಬಿಯೇ ಇದ್ದುವು. ಅವುಗಳಲ್ಲಿ ಅರ್ಧದಷ್ಟರಲ್ಲಿ ಒಂದರ ಮೇಲೊಂದು ಎರಡು ಸಲ ತುಂಬಿತ್ತು. ಒಂದರಲ್ಲಂತೂ 23 ಸಲ. ಆ ಇಪ್ಪತ್ತಮೂರು ಸಲ ತುಂಬಿದವನನ್ನು ನೆನೆದರೆ ಎದೆ ಮರುಗುತ್ತದೆ. ಕೈ ಕಲಿತದ್ದನ್ನು ತಪ್ಪದೆ ಮಾಡುತ್ತಿತ್ತು. ಕೇಪು ಸಿಡಿಯಿತೇ, ಗುಂಡು ಹೋಯಿತೇ ಎಂದು ನೋಡುವವನು ಒಳಗಿರಲಿಲ್ಲ. ಈ ಅನುಭವದಿಂದಲೇ ಆ ಯುದ್ಧದ ಇಬ್ಬರು ಹಳೆಯ ಅಧಿಕಾರಿಗಳು 1871ರಲ್ಲಿ ರೈಫಲ್ ಸಂಘವನ್ನು ಕಟ್ಟಿ, ನ್ಯೂಯಾರ್ಕಿನ ಬಳಿ ಕ್ರೀಡ್‌ಮೂರ್ ಎಂಬಲ್ಲಿ ಗುರಿಬಯಲನ್ನು ಮಾಡಿದರು. 1874ನೆಯ ಸೆಪ್ಟೆಂಬರ್ 26ರಂದು ಅಲ್ಲಿಗೆ ಜಗತ್ಪ್ರಸಿದ್ಧರಾದ ಐರಿಷ್ ಗುರಿಕಾರರು ಬಂದರು. 800, 900, 1,000 ಗಜಗಳ ಪಂದ್ಯ. 900 ಗಜದಲ್ಲಿ ಐರಿಷ್ ಪಕ್ಷದ ಮಿಲ್ನರ್ ಎಂಬಾತನು ಸೊಗಸಾಗಿ ನಡುಬಿಂದುವಿಗೇ ಹೊಡೆದನು. ಆದರೆ ತನ್ನದಲ್ಲದ ಪಕ್ಕದ ಗುರಿಗೆ. ಅಂಕ ಸೊನ್ನೆ. ಕೊನೆಗೆ ಐರಿಷರು 931, ಅಮೆರಿಕದವರು 930, ಉಳಿದುದು ಕರ್ನಲ್ ಬೋಡೈನನ ಒಂದೇ ಗುಂಡು. ಅಷ್ಟರಲ್ಲಿ ಅವನ ಕೈಯಲ್ಲಿದ್ದ ಶುಂಠಿಯ ಪಾನಕದ ಸೀಸೆ ಒಡೆದು ಕೈಯಿಂದ ರಕ್ತ ಸುರಿಯಿತು. ಕರವಸ್ತ್ರವನ್ನು ಸುತ್ತಿಕೊಂಡು ಮಲಗಿ 1,000 ಗಜದ ನಡುಬಿಂದುವಿಗೆ ಹೊಡೆದನು. 934ಕ್ಕೆ 931. ನಡುಬಿಂದುವಿಗೆ ಅಂದು ನಾಲ್ಕು ಅಂಕ. ಮಿಲ್ನರನು ತನ್ನ ಗುರಿಯನ್ನೇ ನೋಡಿದ್ದರೆ ಐರಿಷರು ಒಂದು ಅಂಕದಿಂದ ಗೆಲ್ಲುತ್ತಿದ್ದರು. ದ್ರೋಣಾಚಾರ್ಯರು ಆ ಬಯಲಿನಲ್ಲಿರಲಿಲ್ಲ.

ಬಯಲಿನ ಗುರಿ ಬೇರೆ, ಯುದ್ಧದ ಗುರಿ ಬೇರೆಯೆಂಬುದನ್ನು ಇಂಗ್ಲಿಷರಿಗೆ ಕಲಿಸಿದವರು ದಕ್ಷಿಣ ಆಫ್ರಿಕದ ಬೋಯರ್ ರೈತರು. 1899ನೆಯ ಡಿಸೆಂಬರಿನ ಒಂದೇ ವಾರದಲ್ಲಿ ಸ್ಟಾರ್ಮ್‌ಬರ್ಗ್, ಮಾಗರ್ಸ್‌ಫಾಂಟೈನ್, ಕೊಲೆನ್ಸೊ ಎಂಬ ಮೂರು ಕಡೆ ಇಂಗ್ಲಿಷ್ ಸೇನೆ ಸೋತಿತು. ಬೇಟೆಯಲ್ಲಿ ಬೆಳೆದ ಆ ರೈತರು ಅಡಗಿ ಕುಳಿತು, ಕಂಡಷ್ಟೇ ಹೊತ್ತಿನಲ್ಲಿ, ಹೊಗೆಯಿಲ್ಲದ ಮದ್ದಿನಿಂದ ಹೊಡೆಯುತ್ತಿದ್ದರು. ಬಿಳಿಯ ಹಲಗೆಯ ಮೇಲಣ ಕರಿಯ ಬೊಟ್ಟಿಗೆ ಸಾವಧಾನವಾಗಿ ಗುರಿಯಿಡುವುದನ್ನು ಕಲಿತವನಿಗೆ ಹೊಡೆಯಲು ಅಲ್ಲಿ ಏನೂ ಕಾಣುತ್ತಿರಲಿಲ್ಲ.

ಯುದ್ಧವು ಮುಗಿದ ಮೇಲೆ ಹೈಥಿನ ಪಾಠಕ್ರಮವನ್ನೇ ತಿರುವಿಹಾಕಿದರು. ನಾರ್ಮನ್ ಮೆಕ್‌ಮಹನ್ ಎಂಬ ಮುಖ್ಯೋಪಾಧ್ಯಾಯನು ಪಟಾಲಮುಗಳಿಗೆ ಹೆಚ್ಚು ಯಂತ್ರಕೋವಿಗಳು ಬೇಕೆಂದು ವಾದಿಸಿದನು, ಖಜಾನೆಯು ಕೊಡಲಿಲ್ಲ. ಹಾಗಾದರೆ ಒಬ್ಬೊಬ್ಬ ಸಿಪಾಯಿಯನ್ನೂ ಯಂತ್ರಕೋವಿಗೆ ಸಮನಾಗಿ ಮಾಡುವೆನೆಂದು ಪಟ್ಟುಹಿಡಿದನು. ಜೊತೆಯವರು ಅವನಿಗೆ ‘ಕೋವಿಯ ಹುಚ್ಚ’ ಎಂದು ಹೆಸರಿಟ್ಟಿದ್ದರು. 1909ರ ನಿಬಂಧನೆಯಲ್ಲಿ ಒಂದು ಅಭ್ಯಾಸವುಂಟು: ಮಲಗಿದ ನಿಲುವು, 300 ಗಜ, ಮನುಷ್ಯಾಕೃತಿಯ ಗುರಿ, ಒಂದು ನಿಮಿಷದಲ್ಲಿ 15 ಗುಂಡು. ಕೋವಿಯಲ್ಲಿ ಮೊದಲಿಗೆ ಇರುವುದು ಐದೇ. ಉಳಿದುದನ್ನು ಆ ನಿಮಿಷದೊಳಗೆಯೇ ಚೀಲದಿಂದ ಐದೈದಾಗಿ ತುಂಬಬೇಕು. ಬುಡವನ್ನು ಹೆಗಲಿನಿಂದ ತೆಗೆಯದೆ, ಕಣ್ಣನ್ನು ಗುರಿಯಿಂದ ತೆಗೆಯದೆ, ಅಂಗೈ ಮತ್ತು ಬೆರಳುಗಳಿಂದಲೇ ಬೀಗವನ್ನು ಹಿಂದೆಮುಂದೆ ಆಡಿಸುವುದನ್ನು ಬರಿಯ ತೋಟಾಗಳೊಡನೆ ತಿಂಗಳುಗಟ್ಟಲೆ ಮಂಚದ ಪಕ್ಕದಲ್ಲಿ ಅಭ್ಯಾಸಮಾಡಿದರು. ಗುರಿಯ ಯೋಗ್ಯತೆಗೆ ತಕ್ಕಂತೆ ದಿನಗೂಲಿಯು ಕೆಲವು ಕಾಸು ಏರುತ್ತಿದ್ದುದರಿಂದ ಉತ್ಸಾಹಕ್ಕೂ ಕೊರತೆಯಿರಲಿಲ್ಲ. ಮಾರಿಸನ ಕೈಯ ಕವಾಯಿತೂ ಮೂರನ ಕಣ್ಣಿನ ಶಿಕ್ಷಣವೂ ಇಲ್ಲಿ ಒಬ್ಬ ಮನುಷ್ಯನಲ್ಲಿ ಸೇರಿದುವು.

1914ನೆಯ ಆಗಸ್ಟ್ 23ರಂದು ಮಾನ್ಸ್ ಎಂಬಲ್ಲಿ ಜರ್ಮನರು ಈ ಗುಂಡಿನ ಮಳೆಯನ್ನು ಕಂಡು, ಎದುರಿಗೆ ಯಂತ್ರಕೋವಿಗಳ ಸಾಲೇ ಇದೆಯೆಂದು ಭ್ರಮಿಸಿದರೆಂಬ ಕಥೆ ಎಲ್ಲ ಪುಸ್ತಕಗಳಲ್ಲಿಯೂ ಇದೆ. ಈಚೆಗೆ ಜರ್ಮನರ ದಾಖಲೆಗಳನ್ನು ನೋಡಿದವರು ಅದರಲ್ಲಿ ಅತಿಶಯೋಕ್ತಿ ಬೆರೆತಿದೆಯೆನ್ನುತ್ತಾರೆ. ಆ ಅಲ್ಪಸಂಖ್ಯೆಯ ಸೇನೆಯು ಅಕ್ಟೋಬರು ನವೆಂಬರುಗಳಲ್ಲಿ ಈಪ್ರ ಊರಿನ ಮುಂದೆ ತನ್ನ ಸಾಲನ್ನು ಬಿಟ್ಟುಕೊಡಲಿಲ್ಲವೆಂಬುದು ಮಾತ್ರ ನಿಜ. ಭಾರತದ ಪಟಾಲಮುಗಳೂ ಅಲ್ಲಿಗೆ ಹೋದುವು. ಮಾರ್ಸೇಲ್ಸ್ ಬಂದರಿನಲ್ಲಿ ಇಳಿದಾಗ ತಾವು ತಂದಿದ್ದ ಕೋವಿಗಳನ್ನು ಒಪ್ಪಿಸಿ, ಹೊಸ ತೋಟಾಕ್ಕೆ ಹೊಂದುವ ಹೊಸ ಕೋವಿಗಳನ್ನು ಪಡೆದು, ಅವುಗಳ ಪರಿಚಯಕ್ಕೆ ಸಾಕಷ್ಟು ದಿನಗಳಿಲ್ಲದೆಯೇ ರಣರಂಗಕ್ಕೆ ನಡೆದರು. ಅಕ್ಟೋಬರ್ 31ರಂದು ಹೋಲೆಬೆಕೆ ಎಂಬಲ್ಲಿ 129ನೆಯ ಬಲೂಚಿ ಪಟಾಲಮಿನ ಸಿಪಾಯಿ ಖುದಾದಾದ್ ಖಾನನು, ಜೊತೆಯವರೆಲ್ಲ ಸತ್ತರೂ, ತಾನು ಗಾಯಗೊಂಡರೂ ಯಂತ್ರಕೋವಿಯನ್ನು ಬಿಡದೆ ನಡೆಸಿದನು. ವಿಕ್ಟೋರಿಯಾ ಕ್ರಾಸನ್ನು ಪಡೆದ ಮೊದಲ ಭಾರತೀಯ ಸಿಪಾಯಿ ಅವನೇ.

ಹನ್ನೊಂದು ದಿನಗಳ ಮೇಲೆ, ನವೆಂಬರ್ 11ರಂದು, ಈಪ್ರದ ಪೂರ್ವದಿಕ್ಕಿನ ಮೆನಿನ್ ರಸ್ತೆಯ ಬಳಿ ಮೆಕ್‌ಮಹನ್ನನು ತನ್ನ ಪಟಾಲಮಿನೊಡನೆಯೇ ಮಡಿದನು. ಅವನು ಕಲಿಸಿದವರಲ್ಲಿ ಬಹುಮಂದಿ ಆ ಚಳಿಗಾಲದ ಹೊತ್ತಿಗೆ ಉಳಿದಿರಲಿಲ್ಲ. ಅವರ ಸ್ಥಾನಕ್ಕೆಂದು ಸೇರಿದ ಲಕ್ಷಾಂತರ ಹೊಸಬರಿಗೆ ಕೊಡಲು ಇಂಗ್ಲೆಂಡಿನಲ್ಲಿ ಕೋವಿಗಳೇ ಸಾಲದೆ ಹೋದುವು. ಮರದಲ್ಲಿ ಕೆತ್ತಿದ ಕೋವಿಗಳನ್ನು ಹೆಗಲಿಗೇರಿಸಿ, ಗುಮಾಸ್ತರೂ ಗಣಿಯ ಕೂಲಿಗಳೂ ಊರೂರಿನ ಬಯಲುಗಳಲ್ಲಿ ನಿಂತು, ನಿವೃತ್ತಿಯಿಂದ ಮರಳಿ ಬಂದ ಮುದುಕ ಸಾರ್ಜೆಂಟರ ಕೂಗಿಗೆ ಹೈಥಿನ ಮೊದಲನೆಯ ನಿಲುವಿನ ಪಾಠವನ್ನು ಆರಂಭಿಸಿದರು.